ಕ್ರೈಸ್ತ ಅಂತ್ಯಕಾಲದ ನಂಬಿಕೆ ಮತ್ತು ಪತ್ರಿಕೆಗಳ ಲೇವಡಿ: ಸೇಲಂ–ಧರ್ಮಪುರಿ ಸೀಮೆ

ಯೇಸುಕ್ರಿಸ್ತ ಮತ್ತೆ ಬರುತ್ತಾನೆ, ಸತ್ತವರು ಎದ್ದು ನ್ಯಾಯತೀರ್ಪಿಗೆ ನಿಲ್ಲುತ್ತಾರೆ, ಈಗಿನ ಲೋಕ ಮುಗಿದು ಹೊಸದೊಂದು ಆರಂಭವಾಗುತ್ತದೆ ಎಂಬುದು ಕ್ರೈಸ್ತಧರ್ಮದ ಮೂಲ ನಂಬಿಕೆಗಳಲ್ಲಿ ಒಂದು. ಕನ್ನಡ ಕ್ರೈಸ್ತರು ಇದನ್ನು ‘ಎರಡನೆಯ ಬರೋಣ’ ಎನ್ನುತ್ತಾರೆ. ಇದಕ್ಕೆ ಬೈಬಲಿನ ಮುಖ್ಯ ಆಧಾರಗಳು ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥ, ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯ ಮತ್ತು ಕೊನೆಯ ಪುಸ್ತಕವಾದ ಪ್ರಕಟನೆ. ಬಹುಪಾಲು ಸಭೆಗಳು ದಿನ ಹೇಳಲು ಹೋಗುವುದಿಲ್ಲ, ಕೆಲವು ಪಂಗಡಗಳು ಹೇಳಿವೆ. ಹಾಗೆ ಹೇಳಿದ ದಿನ ಏನೂ ಆಗದೆ ಕಳೆದಾಗಲೆಲ್ಲ ಪತ್ರಿಕೆಗಳು ನಕ್ಕಿವೆ, ಆ ನಗೆ ಹಲವು ಬಾರಿ ಸಂಪ್ರದಾಯಸ್ಥ ಕ್ರೈಸ್ತರೆಲ್ಲರ ಮೇಲೂ ಬಿದ್ದಿದೆ. ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಸೀಮೆಯಲ್ಲಿ ಈ ಇತಿಹಾಸ ಬೇರೆ ದಾರಿ ಹಿಡಿಯಿತು. ಧರ್ಮವನ್ನು ಪ್ರಶ್ನಿಸುವ ಪತ್ರಿಕೋದ್ಯಮ ಇಲ್ಲಿ ತೀಕ್ಷ್ಣವಾಗಿ ಬೆಳೆದರೂ ಕ್ರೈಸ್ತರ ವಿಷಯದಲ್ಲಿ ಅದು ಹೆಚ್ಚಾಗಿ ಕೇಳಿದ್ದು ಜಾತಿಯ ಪ್ರಶ್ನೆಯನ್ನು.

ಸೀಮೆ ಮತ್ತು ಜನ: 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಿಟ್ಟುಕೊಟ್ಟ ಬಾರಾಮಹಲ್ ಮತ್ತು ಸೇಲಂ ಪ್ರದೇಶಗಳು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಬಂದವು. ಅಲೆಕ್ಸಾಂಡರ್ ರೀಡ್ ಆಡಳಿತಾಧಿಕಾರಿಯಾದ, ಥಾಮಸ್ ಮನ್ರೋ ಅವನ ಸಹಾಯಕನಾಗಿದ್ದ. ಧರ್ಮಪುರಿ 1965ರ ಅಕ್ಟೋಬರ್ 2ರಂದು ಸೇಲಂನಿಂದ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆ, ತಳಿ ಭಾಗಗಳನ್ನು ಒಳಗೊಂಡ ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದ ಬೇರೆಯಾಯಿತು. ಸೇಲಂ ನಗರದ ದೇವಾಂಗ ನೇಕಾರರಲ್ಲಿ ಹಲವರ ಮನೆಮಾತು ಕನ್ನಡ. ಹೊಸೂರು, ತಳಿ ಕಡೆಯ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಲೋಕದ ಅಂತ್ಯದ ಮಾತು ಈ ಜನಕ್ಕೆ ಹೊಸದಲ್ಲ. ವೀರಬ್ರಹ್ಮಯ್ಯನವರ ಹಾಗೂ ಕೈವಾರ ತಾತಯ್ಯನವರ ಕಾಲಜ್ಞಾನವನ್ನು ಗಡಿಯ ಎರಡೂ ಬದಿಯಲ್ಲಿ ಬಲ್ಲರು. ಮುಂದೆ ಕೇಡುಗಾಲ ಬರುತ್ತದೆ, ಆಮೇಲೆ ಧರ್ಮ ನಿಲ್ಲಿಸಲು ಒಬ್ಬ ಬರುತ್ತಾನೆ ಎಂಬ ನಿರೀಕ್ಷೆ ಅಲ್ಲೂ ಇದೆ.

ಕ್ರೈಸ್ತಧರ್ಮದ ಆಗಮನ: ಮಧುರೆಯ ಜೆಸ್ಯುಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ 1623ರಲ್ಲಿ ಉತ್ತರಕ್ಕೆ ಹೊರಟು ಸೇಂದಮಂಗಲ ಮತ್ತು ಸೇಲಂಗೆ ಬಂದ. ಕಾವಿ ಉಟ್ಟು, ಸನ್ಯಾಸಿಯ ನೇಮ ಹಿಡಿದು, ಮೇಲ್ಜಾತಿಯವರ ಆಚಾರಗಳನ್ನು ಒಪ್ಪಿಕೊಂಡು ಬೋಧಿಸಿದ ಅವನ ಕ್ರಮದಲ್ಲಿ ಜಾತಿ ವ್ಯತ್ಯಾಸ ಚರ್ಚಿನೊಳಗೂ ಉಳಿಯಿತು. ಮುಂದೆ ಮುನ್ನೂರು ವರ್ಷಗಳ ನಂತರ ಎದ್ದ ಟೀಕೆಗೆ ಇದೇ ಕಾರಣವಾದದ್ದರಿಂದ ಈ ಸಂಗತಿಯನ್ನು ನೆನಪಿಡಬೇಕು. ಪ್ರಾಟೆಸ್ಟೆಂಟರಲ್ಲಿ ಲಂಡನ್ ಮಿಷನರಿ ಸೊಸೈಟಿ 1827ರಲ್ಲಿ ಸೇಲಂನಲ್ಲಿ ನೆಲೆಯೂರಿತು. ಹೆನ್ರಿ ಕ್ರಿಸ್ಪ್ ಮೊದಲಿಗ. 1795ರಲ್ಲಿ ಹುಟ್ಟಿದ ಈ ಸಂಸ್ಥೆಯವರ ಅಂತ್ಯಕಾಲದ ಕಲ್ಪನೆ ಬಹುಮಟ್ಟಿಗೆ ಆಶಾವಾದದ್ದು. ಸುವಾರ್ತೆ, ಶಾಲೆ, ಮುದ್ರಣ ಎಲ್ಲವೂ ಹರಡುತ್ತಾ ಲೋಕ ಮೆಲ್ಲಮೆಲ್ಲನೆ ಸುಧಾರಿಸುತ್ತದೆ, ಆಮೇಲೆ ಕ್ರಿಸ್ತನ ಆಳ್ವಿಕೆ ಎಂದು ಅವರು ನಂಬಿದ್ದರು. ಹಾಗೆ ನಂಬಿದವರಿಗೆ ತಾರೀಖಿನ ಅವಸರ ಇರಲಿಲ್ಲ.

ಲೋಕ ಕೆಡುತ್ತಲೇ ಹೋಗುತ್ತದೆ, ಕ್ರಿಸ್ತ ಯಾವ ಗಳಿಗೆಯಲ್ಲಾದರೂ ಬಂದಾನು ಎಂಬ ಇನ್ನೊಂದು ಬಗೆಯ ನಂಬಿಕೆ ಜಾನ್ ನೆಲ್ಸನ್ ಡಾರ್ಬಿ ಮತ್ತು ಬ್ರದರನ್ ಪಂಗಡದವರಿಂದ ಹರಡಿತು. ಅದೇ ಪಂಗಡದ ಆಂಥನಿ ನೋರಿಸ್ ಗ್ರೋವ್ಸ್ 1833ರಲ್ಲಿ ಭಾರತಕ್ಕೆ ಬಂದು ಮದರಾಸು, ಚಿತ್ತೂರುಗಳಲ್ಲಿ ದುಡಿದ. ಅವನ ಶಿಷ್ಯ ಅರುಳಪ್ಪನ್ ಅವರ ಸುತ್ತ 1860ರಲ್ಲಿ ತಿರುನೆಲ್ವೇಲಿ ಸೀಮೆಯಲ್ಲಿ ದೊಡ್ಡ ಉಜ್ಜೀವನ ನಡೆಯಿತು. ಅದರ ಅಲೆ ತಿರುವಾಂಕೂರನ್ನು ಮುಟ್ಟಿದಾಗ ವಿದ್ವಾನ್ ಕುಟ್ಟಿ ಎಂದು ಹೆಸರಾದ ಯುಸ್ತುಸ್ ಜೋಸೆಫ್ 1881ರಲ್ಲಿ ಕ್ರಿಸ್ತ ಬರುತ್ತಾನೆಂದು ಸಾರಿದರು. ಆ ವರ್ಷ ಕಳೆಯಿತು, ಅವರ ಪಂಗಡಕ್ಕೆ ಅಡ್ಡಹೆಸರು ಉಳಿಯಿತು. ದಕ್ಷಿಣ ಭಾರತದಲ್ಲಿ ಕ್ರೈಸ್ತ ಅಂತ್ಯಕಾಲದ ಗಡುವು ಸೋತು ನಗೆಗೀಡಾದ ಸ್ಪಷ್ಟ ಪ್ರಸಂಗ ಇದು.

ಅದೇ ಕಾಲದಲ್ಲಿ ಸೇಲಂ ಜಿಲ್ಲೆಗೆ ನಿಜವಾದ ಕೇಡುಗಾಲ ಬಂದಿತ್ತು. 1876–78ರ ಬರದಲ್ಲಿ ಮದರಾಸು ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಇದೂ ಒಂದು. 1871ರ ಗಣತಿಯಲ್ಲಿ ಸುಮಾರು 19.7 ಲಕ್ಷ ಇದ್ದ ಜನಸಂಖ್ಯೆ 1881ಕ್ಕೆ ಸುಮಾರು 16 ಲಕ್ಷಕ್ಕೆ ಇಳಿಯಿತು. ಸುಮಾರು ಐದರಲ್ಲಿ ಒಂದು ಪಾಲು ಜನ ಕಾಣೆಯಾದ ಜಿಲ್ಲೆಯಲ್ಲಿ ಪ್ರಕಟನೆ ಪುಸ್ತಕದ ಕ್ಷಾಮ, ರೋಗ, ಮರಣಗಳ ಮಾತು ಕೇಳಿಸುವ ಬಗೆಯೇ ಬೇರೆ. ಇಂಥ ನಂಬಿಕೆಯ ಬಗ್ಗೆ ಪಟ್ಟಣದಲ್ಲಿ ಕೂತು ಬರೆದವರು ಈ ಲೆಕ್ಕವನ್ನು ಎದುರಿಗಿಟ್ಟುಕೊಂಡದ್ದು ವಿರಳ.

ಲೇವಡಿಯ ಮುದ್ರಣ: ಪರಧರ್ಮವನ್ನು ಅಚ್ಚಿನಲ್ಲಿ ಹಳಿಯುವ ಪದ್ಧತಿಯನ್ನು ಈ ನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಸಿದವರು ಮಿಷನರಿಗಳೇ. ಜಾತ್ರೆ, ಸಂತೆಗಳಲ್ಲಿ ಹಂಚುತ್ತಿದ್ದ ಅವರ ಕಿರುಹೊತ್ತಗೆಗಳು ಪುರಾಣದ ದೇವತೆಗಳನ್ನು ಗೇಲಿ ಮಾಡುತ್ತಿದ್ದವು. ಅದಕ್ಕೆ ಉತ್ತರವಾಗಿ 1887ರಲ್ಲಿ ಮದರಾಸಿನಲ್ಲಿ ಹಿಂದೂ ಟ್ರ್ಯಾಕ್ಟ್ ಸೊಸೈಟಿ ಹುಟ್ಟಿ, ಅದೇ ಆಕಾರದ ಹೊತ್ತಗೆಗಳಲ್ಲಿ ಬೈಬಲನ್ನು ಗೇಲಿ ಮಾಡಿತು. ಇವೆರಡಕ್ಕೂ ಸೇರದವರು ಮದರಾಸಿನ ಸ್ವತಂತ್ರ ಚಿಂತಕರು. ಲಂಡನ್ನಿನ ಚಾರ್ಲ್ಸ್ ಬ್ರಾಡ್ಲಾ ಅವರ ಸೆಕ್ಯುಲರ್ ಚಳವಳಿಯಿಂದ ಸ್ಫೂರ್ತಿ ಪಡೆದ ಇವರು 1880ರ ದಶಕದಲ್ಲಿ ‘ತತ್ತುವ ವಿವೇಸಿನಿ’ ಎಂಬ ತಮಿಳು ಪತ್ರಿಕೆ ನಡೆಸಿದರು. ಬ್ರಾಹ್ಮಣ ಪುರೋಹಿತಶಾಹಿ ಮತ್ತು ಪಾದ್ರಿಗಳ ನರಕಭಯ ಎರಡನ್ನೂ ಒಂದೇ ಅಂಕಣದಲ್ಲಿ ಪ್ರಶ್ನಿಸಿದ್ದು ಇವರ ಹೆಚ್ಚುಗಾರಿಕೆ.

ಈ ಪರಂಪರೆಯನ್ನು ಸೇಲಂ ಸೀಮೆಗೆ ತಂದವರು ಪೆರಿಯಾರ್ ಇ.ವೆ. ರಾಮಸ್ವಾಮಿ (1879–1973). ಕಾವೇರಿಯ ಒಂದು ದಡದಲ್ಲಿ ಈರೋಡು, ಎದುರು ದಡದಲ್ಲಿ ಆಗಿನ ಸೇಲಂ ಜಿಲ್ಲೆಯ ಪಳ್ಳಿಪಾಳಯ. ಈರೋಡಿನ ಕನ್ನಡ ಮನೆಮಾತಿನ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದ ಅವರು 1925ರ ಮೇ 2ರಂದು ‘ಕುಡಿ ಅರಸು’ ವಾರಪತ್ರಿಕೆ ಆರಂಭಿಸಿದರು. ಅವರ ಸ್ವಾಭಿಮಾನ ಚಳವಳಿಯ ಪ್ರಕಟಣೆಗಳ ಮೂಲಕ ಯುರೋಪು, ಅಮೆರಿಕಗಳ ಧರ್ಮವಿಮರ್ಶೆ ಹಳ್ಳಿಯ ಚಹಾದಂಗಡಿಗೆ ಬಂತು. ಭಗತ್ ಸಿಂಗ್ ಅವರ ನಾಸ್ತಿಕತೆಯ ಪ್ರಬಂಧವನ್ನು ಪಿ. ಜೀವಾನಂದಂ ತಮಿಳಿಗೆ ತಂದರು. ಬರ್ಟ್ರಂಡ್ ರಸೆಲ್ ತಾವು ಏಕೆ ಕ್ರೈಸ್ತರಲ್ಲ ಎಂದು ವಿವರಿಸಿದ ಉಪನ್ಯಾಸವನ್ನು ಕುತ್ತೂಸಿ ಗುರುಸ್ವಾಮಿ ತಂದರು.

ರಸೆಲ್ 1927ರ ಮಾರ್ಚ್ 6ರಂದು ಲಂಡನ್ನಿನ ಬ್ಯಾಟರ್‌ಸೀ ಪುರಭವನದಲ್ಲಿ ಮಾಡಿದ ಈ ಉಪನ್ಯಾಸದಲ್ಲಿ ಅಂತ್ಯಕಾಲದ ನಂಬಿಕೆಯೇ ಒಂದು ಮುಖ್ಯ ವಾದ. ತನ್ನ ಎದುರು ನಿಂತ ಕೆಲವರು ಸಾಯುವುದರೊಳಗೆ ತಾನು ಮಹಿಮೆಯಿಂದ ಬರುವುದಾಗಿ ಕ್ರಿಸ್ತ ಹೇಳಿದನೆಂದು ಸುವಾರ್ತೆಯಲ್ಲಿ ಬರೆದಿದೆ, ಅದು ನಡೆಯಲಿಲ್ಲ, ಆದ್ದರಿಂದ ಆತ ಸರ್ವಜ್ಞನಲ್ಲ ಎಂಬುದು ರಸೆಲ್ ತರ್ಕ. ಜೊತೆಗೊಂದು ಸಣ್ಣ ಕತೆ: ಬರೋಣ ಸಮೀಪಿಸಿದೆ ಎಂದು ಸಭಿಕರನ್ನು ನಡುಗಿಸಿದ ಒಬ್ಬ ಪಾದ್ರಿ ತನ್ನ ತೋಟದಲ್ಲಿ ಗಿಡ ನೆಡುತ್ತಿದ್ದುದನ್ನು ಕಂಡು ಜನ ಸಮಾಧಾನಪಟ್ಟರಂತೆ. ಈ ಟೀಕೆಗೆ ಧರ್ಮಶಾಸ್ತ್ರಜ್ಞರ ಬಳಿ ಉತ್ತರಗಳಿವೆ. ಯೇಸುವಿನ ಮಾತು ಕ್ರಿ.ಶ. 70ರ ಜೆರುಸಲೇಮ್ ದೇವಾಲಯದ ನಾಶವನ್ನು ಕುರಿತದ್ದು ಎನ್ನುವವರಿದ್ದಾರೆ, ಶಿಷ್ಯರು ಕಂಡ ರೂಪಾಂತರದ ದರ್ಶನವನ್ನು ಕುರಿತದ್ದು ಎನ್ನುವವರೂ ಇದ್ದಾರೆ. ಉತ್ತರ ಒಪ್ಪಲಿ ಬಿಡಲಿ, ರಸೆಲ್ ಟೀಕೆ ಗ್ರಂಥ ಓದಿ ಮಾಡಿದ್ದು, ನಂಬುವವರ ಬಟ್ಟೆಬರೆ, ಬಡತನಗಳನ್ನು ಹಿಡಿದು ಮಾಡಿದ್ದಲ್ಲ. ಈ ಜಾತಿಯ ಬರವಣಿಗೆಯಲ್ಲಿ ಅದಕ್ಕೆ ಎತ್ತರದ ಸ್ಥಾನ ಸಲ್ಲಬೇಕು.

ಹೀಗೆ ಸರಕು ಕೈಗೆ ಬಂದರೂ ಸ್ವಾಭಿಮಾನ ಚಳವಳಿಯವರು ಬರೋಣದ ಬಗ್ಗೆ ಹೆಚ್ಚು ಬರೆಯಲಿಲ್ಲ. ಅದಕ್ಕೆ ಕಾರಣಗಳಿವೆ. ಬ್ರಾಹ್ಮಣೇತರ ರಾಜಕಾರಣದಲ್ಲಿ ಕ್ರೈಸ್ತರು ಜೊತೆಗಾರರು. ಜಸ್ಟಿಸ್ ಪಕ್ಷದ ಪ್ರಮುಖ ನಾಯಕ ಎ.ಟಿ. ಪನ್ನೀರ್‌ಸೆಲ್ವಂ ಸ್ವತಃ ಕ್ಯಾಥೊಲಿಕ್. ಪೆರಿಯಾರ್ ಅವರ ದೃಷ್ಟಿಯಲ್ಲಿ ನೆಲದ ಮೇಲಿನ ಅಸಮಾನತೆ ಮೊದಲನೆಯ ಪ್ರಶ್ನೆ. ಚರ್ಚಿಗೆ ಸೇರಿದ ದಲಿತರಿಗೆ ಪ್ರತ್ಯೇಕ ಸಾಲು, ಪ್ರತ್ಯೇಕ ಸ್ಮಶಾನ ಏಕೆ ಎಂದು ಅವರು ಕೇಳಿದರು. ಡಿ ನೊಬಿಲಿ ಕಾಲದಿಂದ ಬಂದ ರಾಜಿಗೆ ಬಿದ್ದ ಪೆಟ್ಟು ಇದು. ಲೋಕ ಯಾವಾಗ ಮುಗಿಯುತ್ತದೆ ಎಂಬುದಕ್ಕಿಂತ ಈ ಪ್ರಶ್ನೆ ಚರ್ಚನ್ನು ಹೆಚ್ಚು ಕುಟುಕಿತು, ಕುಟುಕಬೇಕಾದದ್ದೂ ನ್ಯಾಯವೇ.

ಸೇಲಂನ ಎರಡು ಸಮ್ಮೇಳನಗಳು: 1944ರ ಆಗಸ್ಟ್ 27ರಂದು ಪೆರಿಯಾರ್ ನೇತೃತ್ವದ ಜಸ್ಟಿಸ್ ಪಕ್ಷ ಸೇಲಂನಲ್ಲಿ ಸೇರಿ, ಅಣ್ಣಾದೊರೈ ಹೆಸರಿನ ನಿರ್ಣಯದ ಮೂಲಕ ದ್ರಾವಿಡರ್ ಕಳಗಂ ಎಂದು ಹೆಸರು ಬದಲಿಸಿಕೊಂಡಿತು. 1971ರ ಜನವರಿಯಲ್ಲಿ ಅದೇ ನಗರದಲ್ಲಿ ಕಳಗಂನ ಮೂಢನಂಬಿಕೆ ನಿರ್ಮೂಲನ ಸಮ್ಮೇಳನ ನಡೆಯಿತು. ಮೆರವಣಿಗೆಯಲ್ಲಿ ರಾಮ ಮೊದಲಾದ ದೇವತೆಗಳನ್ನು ಅವಮಾನಿಸಿದರೆಂದು ಗದ್ದಲವೆದ್ದಿತು. ಚೋ ರಾಮಸ್ವಾಮಿ ತಮ್ಮ ವಿಡಂಬನ ಪತ್ರಿಕೆ ‘ತುಘಲಕ್’ನಲ್ಲಿ ಅದರ ಚಿತ್ರಗಳನ್ನು ಅಚ್ಚು ಹಾಕಿದರು, ಡಿಎಂಕೆ ಸರ್ಕಾರ ಆ ಸಂಚಿಕೆಯನ್ನು ಮುಟ್ಟುಗೋಲು ಹಾಕಿತು. ಸೇಲಂ ಎಂದರೆ ಇಂದಿಗೂ ತಮಿಳು ರಾಜಕಾರಣದಲ್ಲಿ ನೆನಪಾಗುವುದು ಈ ಮೆರವಣಿಗೆ. ಆ ಬಿರುಗಾಳಿಯ ಗುರಿ ಹಿಂದೂ ಪುರಾಣ. ಜಿಲ್ಲೆಯ ಚರ್ಚುಗಳು ಅದರ ಅಂಚಿನಲ್ಲಿದ್ದವು.

ಪೆಂಟಕೋಸ್ಟಲ್ ಸಭೆಗಳು: ಇಪ್ಪತ್ತನೆಯ ಶತಮಾನದಲ್ಲಿ ಬರೋಣದ ನಿರೀಕ್ಷೆಯನ್ನು ದಿನನಿತ್ಯದ ಮಾತಾಗಿಸಿದವರು ಪೆಂಟಕೋಸ್ಟಲರು. 1920ರ ದಶಕದಲ್ಲಿ ಸಿಲೋನಿನಲ್ಲಿ ಆರಂಭವಾದ ಸಿಲೋನ್ ಪೆಂಟಕೋಸ್ಟಲ್ ಮಿಷನ್ ತಮಿಳುನಾಡಿನಲ್ಲಿ ವಿಸ್ತಾರವಾಗಿ ಹಬ್ಬಿತು. ಅದರ ಸೇವಕರು ಮದುವೆಯಾಗುವುದಿಲ್ಲ, ಆಸ್ತಿ ಇಟ್ಟುಕೊಳ್ಳುವುದಿಲ್ಲ, ಬಿಳಿ ಬಟ್ಟೆ ಉಡುತ್ತಾರೆ. ಕರ್ತನ ಬರೋಣಕ್ಕೆ ಸಿದ್ಧವಾಗುವುದೇ ಅವರ ಬೋಧನೆಯ ತಿರುಳು. ಸಣ್ಣ ಪಟ್ಟಣಗಳಲ್ಲಿ ಬಾಡಿಗೆ ಮನೆ, ಶೀಟಿನ ಶೆಡ್ಡುಗಳಲ್ಲಿ ಸೇರುವ ಸ್ವತಂತ್ರ ಸಭೆಗಳೂ ಹುಟ್ಟಿದವು. ತಮಿಳರ ಆಡುಮಾತಿನಲ್ಲಿ ಇವರಿಗೆ ‘ಅಲ್ಲೇಲೂಯಾ ಕೂಟ’ ಎಂಬ ಹೆಸರು ಬಿತ್ತು. ಸಿನಿಮಾ ಹಾಸ್ಯದಲ್ಲಿ ಕೈ ಎತ್ತಿ ಕೂಗುವ ಉಪದೇಶಕ ಸಿದ್ಧ ಪಾತ್ರವಾದ. ಕ್ಯಾಥೊಲಿಕರ ಸೇಲಂ ಧರ್ಮಪ್ರಾಂತ (1930), ಧರ್ಮಪುರಿ ಧರ್ಮಪ್ರಾಂತ (1997) ಮತ್ತು ದಕ್ಷಿಣ ಭಾರತ ಸಭೆಯ ಬೋಧನೆಯಲ್ಲಿ ಗಡುವಿನ ಲೆಕ್ಕಾಚಾರಕ್ಕೆ ಜಾಗವಿಲ್ಲ. ಆದರೂ ಹೊರಗಿನವರು ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಿದರು. ಈ ಅವಸರ ಅನ್ಯಾಯದ್ದು: ಕೂಲಿ ಮಾಡಿ ಭಾನುವಾರ ಪ್ರಾರ್ಥನೆಗೆ ಹೋಗುವ ಹೆಂಗಸಿಗೂ, ಭಯ ಹುಟ್ಟಿಸಿ ಕಾಣಿಕೆ ಎತ್ತುವ ದೂರದರ್ಶನ ಪ್ರಚಾರಕನಿಗೂ ಇರುವ ದೂರ ಕಾಣದವರು ಒಳ್ಳೆಯ ವಿಮರ್ಶಕರಾಗಲಾರರು.

ಹೊರಗಿನ ಮಾದರಿಗಳು: ಲೇವಡಿ ಸುಳ್ಳನ್ನು ಬೆಳೆಸಿದ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತ ಬರುತ್ತಾನೆಂದು ಕಾದರು. ಅವರು ಬಿಳಿ ನಿಲುವಂಗಿ ತೊಟ್ಟು ಛಾವಣಿ, ಗುಡ್ಡ ಹತ್ತಿ ಕುಳಿತರೆಂದು ಪತ್ರಿಕೆಗಳು ಬರೆದವು. ನೂರು ವರ್ಷಗಳ ನಂತರ, 1944ರಲ್ಲಿ, ಫ್ರಾನ್ಸಿಸ್ ನಿಕೋಲ್ ದಾಖಲೆಗಳನ್ನು ಜಾಲಾಡಿ ನಿಲುವಂಗಿಯ ಕತೆಗೆ ಆಧಾರವಿಲ್ಲವೆಂದು ತೋರಿಸಿದರು. ಆ ಸೋಲಿನ ಬೂದಿಯಿಂದಲೇ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ 1863ರಲ್ಲಿ ಸಂಘಟಿತವಾಯಿತು. 1925ರ ಜುಲೈನಲ್ಲಿ ಟೆನೆಸಿಯ ಡೇಟನ್ನಿನಲ್ಲಿ ನಡೆದ ಸ್ಕೋಪ್ಸ್ ವಿಚಾರಣೆಯನ್ನು ವರದಿ ಮಾಡಿದ ಎಚ್.ಎಲ್. ಮೆಂಕೆನ್ ಗ್ರಾಮೀಣ ಸಂಪ್ರದಾಯಸ್ಥರನ್ನು ಹೀನಾಯವಾಗಿ ಚಿತ್ರಿಸಿದ. ಮಾಧ್ಯಮ ವ್ಯಾಖ್ಯಾನಕಾರರ ಧಾಟಿ ಅಲ್ಲಿಂದ ಗಟ್ಟಿಯಾಯಿತು. 2011ರಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಮೇ 21ರ ಗಡುವು ಹೇಳಿದಾಗ ಜಗತ್ತಿನ ಟಿವಿಗಳೆಲ್ಲ ನಕ್ಕವು. ಅದೇ ದಿನಗಳಲ್ಲಿ ವಿಯೆಟ್ನಾಮಿನ ಗುಡ್ಡಗಾಡಿನ ಹ್ಮೊಂಗ್ ಬುಡಕಟ್ಟಿನ ಸಾವಿರಾರು ಜನ ಬರೋಣ ಕಾಯಲು ಒಂದೆಡೆ ಸೇರಿದಾಗ ಸೇನೆ ಅವರನ್ನು ಚದುರಿಸಿದ್ದು ಆ ನಗುವಿನ ನಡುವೆ ಮುಚ್ಚಿಹೋಯಿತು.

ಅಂತ್ಯಕಾಲದ ಭಯ ಕ್ರೈಸ್ತರಿಗೆ ಮೀಸಲಲ್ಲ ಎಂಬುದಕ್ಕೆ ನಮ್ಮ ಕಡೆಯ ಸಾಕ್ಷ್ಯ ಸಾಕಷ್ಟಿದೆ. 1962ರ ಫೆಬ್ರವರಿ 3ರಿಂದ 5ರವರೆಗಿನ ಅಷ್ಟಗ್ರಹ ಕೂಟಕ್ಕೆ ದೇಶದಾದ್ಯಂತ ಹೋಮ, ಹವನ ನಡೆದವು. ಪ್ರಧಾನಿ ನೆಹರೂ ಅದನ್ನು ನಗೆಗೆ ತಕ್ಕದ್ದೆಂದು ತಳ್ಳಿಹಾಕಿದರು. 1979ರ ಜುಲೈನಲ್ಲಿ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಹಳ್ಳಿಗಳು ಹೆದರಿದವು. 2012ರ ಡಿಸೆಂಬರ್ 21ರ ಪ್ರಳಯದ ಸುದ್ದಿಯನ್ನು ಕನ್ನಡ ಚಾನೆಲ್ಲುಗಳು ಜ್ಯೋತಿಷಿಗಳನ್ನು ಕೂರಿಸಿಕೊಂಡು ದಿನಗಟ್ಟಲೆ ಬಡಿದವು. ಪ್ರಳಯವನ್ನು ಮಾರಿದ ಮಾಧ್ಯಮಕ್ಕೆ ಬರೋಣವನ್ನು ಕಾಯುವವರನ್ನು ಗೇಲಿ ಮಾಡುವ ನೈತಿಕ ಹಕ್ಕು ಇಲ್ಲ.

ವೈಚಾರಿಕರಲ್ಲಿ ಹೆಚ್ಚು ಸಮತೂಕದಿಂದ ನಡೆದವರು ಕೊಯಮತ್ತೂರು ಬಳಿಯ ಪೋದನೂರಿನ ಬಿ. ಪ್ರೇಮಾನಂದ್ (1930–2009). 1988ರಿಂದ ಅವರು ಹೊರತಂದ ‘ಇಂಡಿಯನ್ ಸ್ಕೆಪ್ಟಿಕ್’ ಬಾಬಾಗಳ ಪವಾಡವನ್ನೂ ಕ್ರೈಸ್ತ ರೋಗಶಮನ ಸಭೆಗಳನ್ನೂ ಒಂದೇ ಅಳತೆಯಲ್ಲಿ ಪರೀಕ್ಷಿಸಿತು. ಬೆಂಗಳೂರಿನಲ್ಲಿ ಪವಾಡಗಳ ಪರೀಕ್ಷೆಗೆಂದು ರಚನೆಯಾದ ಎಚ್. ನರಸಿಂಹಯ್ಯನವರ 1976ರ ಸಮಿತಿ ಇದೇ ಹಾದಿಯದು. ಇವರ ಬರವಣಿಗೆಯಲ್ಲಿ ಜನರ ಮೇಲೆ ತಿರಸ್ಕಾರವಿರಲಿಲ್ಲ, ಪರೀಕ್ಷೆಗೆ ಒಪ್ಪದವರ ಮೇಲೆ ಸಿಟ್ಟಿತ್ತು.

ಕಾನೂನು: ಧಾರ್ಮಿಕ ಭಾವನೆಯನ್ನು ಬೇಕೆಂದೇ ಘಾಸಿಗೊಳಿಸುವುದನ್ನು ಅಪರಾಧವೆನ್ನುವ ಭಾರತೀಯ ದಂಡಸಂಹಿತೆಯ 295ಎ ಕಲಮು 1927ರಲ್ಲಿ ಬಂತು. ಕ್ರೈಸ್ತ ಪವಾಡದ ಟೀಕೆಗೆ ಅದು ಬಳಕೆಯಾದ ಹೆಸರಾಂತ ಪ್ರಸಂಗ 2012ರದು. ಮುಂಬಯಿಯ ಚರ್ಚೊಂದರ ಶಿಲುಬೆಯಿಂದ ತೊಟ್ಟಿಕ್ಕಿದ ನೀರು ಒಳಚರಂಡಿಯ ಕಡೆಯಿಂದ ಏರಿಬಂದದ್ದು ಎಂದು ಟಿವಿಯಲ್ಲಿ ವಿವರಿಸಿದ ವಿಚಾರವಾದಿ ಸನಲ್ ಇಡಮರುಕು ವಿರುದ್ಧ ಕ್ಯಾಥೊಲಿಕ್ ಸಂಘಟನೆಗಳು ದೂರು ಕೊಟ್ಟವು, ಅವರು ಫಿನ್ಲೆಂಡಿಗೆ ಹೋದರು. 2024ರ ಜುಲೈ 1ರಿಂದ ಆ ಕಲಮು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಜಾರಿಯಲ್ಲಿದೆ.