ಮಾಲ್ಟಾ ದ್ವೀಪದ ಪಾತಾಳಗೃಹ

ಭೂಮಧ್ಯಸಮುದ್ರದಲ್ಲಿ, ಸಿಸಿಲಿಗೆ ದಕ್ಷಿಣವಾಗಿ ಸುಮಾರು 90 ಕಿಲೋಮೀಟರು ದೂರದಲ್ಲಿ, ಮಾಲ್ಟಾ ಎಂಬ ಸಣ್ಣ ದ್ವೀಪಸಮೂಹವಿರುವುದು. ಇದರ ಒಟ್ಟು ವಿಸ್ತೀರ್ಣವು 316 ಚದರ ಕಿಲೋಮೀಟರು ಮಾತ್ರ. ಹೇಳಿಕೊಳ್ಳತಕ್ಕ ನದಿಯಾಗಲಿ ಅಡವಿಯಾಗಲಿ ಅಲ್ಲಿಲ್ಲ. ಎಲ್ಲೆಲ್ಲಿಯೂ ಜೇನಿನ ಬಣ್ಣದ ಮೃದುವಾದ ಸುಣ್ಣಕಲ್ಲು. ಆದರೂ ಬಿಸಿಲನ್ನೂ ಕಡಲನ್ನೂ ಅರಸಿಕೊಂಡು ಬರುವ ಪ್ರವಾಸಿಗಳ ಸಂಖ್ಯೆಯು ದ್ವೀಪವಾಸಿಗಳ ಸಂಖ್ಯೆಗಿಂತ ವರ್ಷವರ್ಷವೂ ಹಲವು ಮಡಿ ಹೆಚ್ಚಾಗಿರುವುದು.

ಬಂದವರು ಮೊದಲು ನೋಡುವುದು ವಾಲೆಟ್ಟಾ ನಗರವನ್ನು. 1565ರಲ್ಲಿ ತುರ್ಕರ ಮುತ್ತಿಗೆಯನ್ನು ಎದುರಿಸಿ ನಿಂತ ಸಂತ ಯೋಹಾನನ ಪಂಥದ ವೀರರು ಮರುವರ್ಷವೇ ಇದಕ್ಕೆ ಅಡಿಗಲ್ಲನ್ನಿಟ್ಟರು. ಇದರ ಕೋಟೆಕೊತ್ತಲಗಳ ವರ್ಣನೆಯು ಪ್ರವಾಸಗ್ರಂಥಗಳಲ್ಲೆಲ್ಲ ದೊರೆಯುವುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಈ ವೀರರಿಗಿಂತ ಐದು ಸಾವಿರ ವರ್ಷಗಳಷ್ಟು ಹಿಂದೆ, ಲೋಹವನ್ನೇ ಅರಿಯದಿದ್ದ ಜನರು, ಇದೇ ನೆಲದಲ್ಲಿ ಮಹಾಶಿಲೆಗಳನ್ನು ನಿಲ್ಲಿಸಿ ದೇವಾಲಯಗಳನ್ನು ಕಟ್ಟಿದ್ದರು. ಗೋಜೋ ದ್ವೀಪದಲ್ಲಿರುವ ಜಿಗಾಂತಿಯಾ ಎಂಬುದು ಕ್ರಿ. ಪೂ. 3600ರ ಸುಮಾರಿನದು, ಎಂದರೆ ಈಜಿಪ್ಟಿನ ಪಿರಮಿಡ್ಡುಗಳಿಗಿಂತಲೂ ಪ್ರಾಚೀನವಾದುದು. ರಾಕ್ಷಸಿಯೊಬ್ಬಳು ಅದನ್ನು ಕಟ್ಟಿದಳೆಂದು ಜನರು ಹೇಳುತ್ತಿದ್ದರು. ಹೆಸರೂ ಆ ಕಥೆಯಿಂದಲೇ ಬಂದುದು.

ಆದರೆ ಇವೆಲ್ಲಕ್ಕಿಂತಲೂ ವಿಚಾರಾರ್ಹವಾದುದು ಪಾವೊಲಾ ಎಂಬ ಊರಿನ ಮನೆಗಳ ನಡುವೆ ನೆಲದೊಳಗೆ ಅಡಗಿರುವ ಹಾಲ್ ಸಫ್ಲಿಯೇನಿಯ ಪಾತಾಳಗೃಹ. ಬಂಡೆಯನ್ನು ಕೆಳಕೆಳಕ್ಕೆ ಕೊರೆದು ಮೂರು ಅಂತಸ್ತುಗಳಾಗಿ ಮಾಡಿದ ಈ ಸ್ಥಳವು ಏಕಕಾಲದಲ್ಲಿ ದೇವಸ್ಥಾನವೂ ಸಮಾಧಿಸ್ಥಾನವೂ ಆಗಿದ್ದಿತು. ಅತ್ಯಂತ ಕೆಳಗಣ ಅಂತಸ್ತು ನೆಲದಿಂದ ಹತ್ತು ಮೀಟರಿಗಿಂತಲೂ ಆಳದಲ್ಲಿರುವುದು. ಇದನ್ನು ಕೊರೆದವರು ಮೇಲಿನ ಲೋಕದ ಗುಡಿಗಳ ಕಂಬ, ತೊಲೆ, ಬಾಗಿಲುವಾಡಗಳನ್ನು ಒಂದೂ ಬಿಡದೆ ಬಂಡೆಯಲ್ಲಿ ಅನುಕರಿಸಿರುವರು. ಭಾರವನ್ನು ಹೊರಬೇಕಾದ ಅಗತ್ಯವೇ ಇಲ್ಲದ ಎಡೆಯಲ್ಲಿ ತೊಲೆಯನ್ನು ಕೆತ್ತಿದವರ ಶ್ರದ್ಧೆಯು ಸಾಮಾನ್ಯವಾದುದಲ್ಲ. ಕೆಲವು ಚಾವಣಿಗಳ ಮೇಲೆ ಕೆಮ್ಮಣ್ಣಿನಿಂದ ಬರೆದ ಸುರುಳಿಬಳ್ಳಿಗಳು ಈಗಲೂ ಕಾಣುತ್ತವೆ. ಒಂದು ಕೋಣೆಯಲ್ಲಿ ಪುರುಷನ ಮಂದ್ರಸ್ವರದ ಮಾತು ಮಂದಿರವನ್ನೆಲ್ಲ ತುಂಬಿ ಅನುರಣಿಸುವುದು.

1902ರಲ್ಲಿ ಹೊಸ ಮನೆಗಳಿಗಾಗಿ ನೀರಿನ ತೊಟ್ಟಿಗಳನ್ನು ತೋಡುತ್ತಿದ್ದ ಕೂಲಿಗಾರರು ಅಕಸ್ಮಾತ್ತಾಗಿ ಇದರ ಚಾವಣಿಯನ್ನು ಒಡೆದರು. ಒಡೆದುದನ್ನು ಮೊದಲು ಮುಚ್ಚಿಟ್ಟರು. ವಿಷಯವು ಹೊರಬಿದ್ದ ಮೇಲೆ ಉತ್ಖನನದ ಕಾರ್ಯವು ಎಮಾನುಯೆಲ್ ಮಾಗ್ರಿ ಎಂಬ ಜೆಸುಯಿಟ್ ಪಾದ್ರಿಗಳಿಗೆ ಒಪ್ಪಿಸಲ್ಪಟ್ಟಿತು. ಇವರು ಕೋಣೆಗಳಲ್ಲಿ ತುಂಬಿದ್ದ ಮಣ್ಣನ್ನೂ ಅಸ್ಥಿಗಳನ್ನೂ ಹೊರಕ್ಕೆ ತೆಗೆಯಿಸಿದರು. ಕಾರ್ಯವು ಪೂರೈಸುವುದಕ್ಕೆ ಮೊದಲೇ ಸಂಘದ ಅಪ್ಪಣೆಯಂತೆ ಟ್ಯುನಿಷಿಯಾ ದೇಶದ ಸ್ಫಾಕ್ಸ್ ಪಟ್ಟಣಕ್ಕೆ ಹೋಗಬೇಕಾಗಿ ಬಂದು, 1907ರಲ್ಲಿ ಅಲ್ಲಿಯೇ ತೀರಿಕೊಂಡರು. ಇವರ ಬರಹವು ಎಂದಿಗೂ ಸಿಕ್ಕಲಿಲ್ಲ. ಯಾವ ಅಸ್ಥಿಯ ಬಳಿ ಯಾವ ಮಡಕೆಯಿತ್ತು, ಯಾವ ಮಣಿಯು ಯಾವ ಪದರದಲ್ಲಿತ್ತು ಎಂಬುದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಅವರು ಕಂಡುದು ಅವರೊಡನೆಯೇ ಹೋಯಿತು. ಮಾಲ್ಟಾದ ಪುರಾತನ ವಸ್ತುಗಳಿಗೆ ಒದಗಿದ ನಷ್ಟಗಳಲ್ಲಿ ಆ ಕೆಲವು ಹಾಳೆಗಳ ನಷ್ಟಕ್ಕೆ ಸಮವಾದುದು ಇನ್ನೊಂದಿಲ್ಲ.

ಅವರ ತರುವಾಯ ಕಾರ್ಯವನ್ನು ವಹಿಸಿಕೊಂಡವರು ಥೆಮಿಸ್ಟೋಕ್ಲಿಸ್ ಜಮ್ಮಿತ್. ಇವರು ವೃತ್ತಿಯಿಂದ ವೈದ್ಯರು. ಮಾಲ್ಟಾಜ್ವರಕ್ಕೆ ಮೇಕೆಯ ಹಾಲೇ ಮೂಲವೆಂಬುದು 1905ರಲ್ಲಿ ಬೆಳಕಿಗೆ ಬಂದುದು ಇವರ ಪರೀಕ್ಷೆಯಿಂದ. ಉಳಿದಿದ್ದ ಅವಶೇಷಗಳಿಂದ ಲೆಕ್ಕಹಾಕಿ, ಸುಮಾರು 7000 ಮಂದಿಯನ್ನು ಇಲ್ಲಿ ಹೂಳಿದ್ದಿರಬೇಕೆಂದು ಇವರು ಊಹಿಸಿದರು. ಆ ಅಸ್ಥಿಗಳಲ್ಲಿ ಇಂದು ಉಳಿದಿರುವುದು ಕೆಲವೇ ತಲೆಬುರುಡೆಗಳು. ಇಲ್ಲಿ ದೊರೆತ ಸುಟ್ಟ ಮಣ್ಣಿನ ಒಂದು ಸಣ್ಣ ಮೂರ್ತಿಯು ವಾಲೆಟ್ಟಾದ ವಸ್ತುಸಂಗ್ರಹಾಲಯದಲ್ಲಿದೆ: ಸ್ಥೂಲಕಾಯಳಾದ ಸ್ತ್ರೀಯೊಬ್ಬಳು ಮಂಚದ ಮೇಲೆ ಒಂದು ಮಗ್ಗುಲಾಗಿ, ತೋಳನ್ನೇ ತಲೆದಿಂಬು ಮಾಡಿಕೊಂಡು ಮಲಗಿರುವಳು. ಅವಳದು ನಿದ್ರೆಯೋ ಮರಣವೋ ಎಂಬ ವಿವಾದವು ಮುಗಿಯುವಂತಹುದಲ್ಲ.

ಕೂಲಿಗಾರರ ಗುದ್ದಲಿಯಿಂದ ಉಳಿದುಕೊಂಡ ಈ ಮಂದಿರಕ್ಕೆ ಮುಂದೆ ಅಪಾಯವು ಬಂದುದು ನೋಡಬಂದವರ ಉಸಿರಿನಿಂದ. ಗುಂಪುಗುಂಪಾಗಿ ಇಳಿದವರ ಶ್ವಾಸವೂ ಮೈಶಾಖವೂ ದೀಪಗಳ ಬೆಳಕೂ ಸೇರಿ ಒಳಗಣ ವಾಯುವಿನ ಸಮತೆಯನ್ನು ಕೆಡಿಸಿದವು. ಕಲ್ಲಿನ ಮೇಲೆ ಪಾಚಿ ಹಬ್ಬಿತು; ಕೆಮ್ಮಣ್ಣಿನ ಚಿತ್ರಗಳು ಮಾಸತೊಡಗಿದವು. 1990ರ ದಶಕದಲ್ಲಿ ಬಾಗಿಲನ್ನು ಮುಚ್ಚಿ, ಹಲವು ವರ್ಷಗಳ ಸಂರಕ್ಷಣಕಾರ್ಯದ ನಂತರ 2000ದಲ್ಲಿ ಮತ್ತೆ ತೆರೆದಾಗ, ದಿನಕ್ಕೆ 80 ಮಂದಿಗೆ ಮಾತ್ರ ಪ್ರವೇಶವೆಂದು ನಿಯಮ ಮಾಡಿದರು. ದೂರದಿಂದ ಬಂದು ನಿರಾಶರಾಗಿ ಹಿಂದಿರುಗುವವರು ಇದನ್ನು ದೂರುವುದುಂಟು. ಅವರ ಸಂಕಟವು ಸಹಜವೇ. ಆದರೂ ಅವರು ಬಯಸುವಂತೆ ಬಾಗಿಲು ತೆರೆದಿಟ್ಟರೆ ಅವರ ಮೊಮ್ಮಕ್ಕಳಿಗೆ ಕಾಣುವುದು ಬರಿಯ ಗವಿ.

ಕಾವಲಿಗೆ ಸಿಕ್ಕದ ವಸ್ತುಗಳೂ ಈ ದ್ವೀಪಗಳಲ್ಲಿ ಉಂಟು. ಗೋಜೋವಿನ ಪಶ್ಚಿಮತೀರದಲ್ಲಿ ದ್ವೈರಾ ಎಂಬ ಎಡೆಯಿದೆ. ಅಲ್ಲಿ ಕಡಲ ನಡುವೆ ನಿಂತ ಒಂದು ಬಂಡೆಯ ಮೇಲೆ ಬೆಳೆಯುವ ಕೆಂಪುಗಿಡವು ರಕ್ತಸ್ರಾವಕ್ಕೆ ದಿವ್ಯೌಷಧವೆಂದು ನಂಬಿ, ಹದಿನೆಂಟನೆಯ ಶತಮಾನದಲ್ಲಿ ಪಂಥದ ಅಧಿಪತಿಗಳು ಕಾವಲು ಹಾಕಿಸಿದ್ದರು. ಗಿಡದ ಮಹಿಮೆಯು ಮುಂದೆ ಸಿದ್ಧವಾಗಲಿಲ್ಲ. ಆ ಬಂಡೆಗೆ ಅನತಿದೂರದಲ್ಲಿಯೇ ಅಲೆಗಳು ಕೊರೆದು ಮಾಡಿದ್ದ, 28 ಮೀಟರು ಎತ್ತರದ ಒಂದು ಕಮಾನಿದ್ದಿತು. ‘ನೀಲಗವಾಕ್ಷ’ವೆಂದು ಅದನ್ನು ಕರೆಯುತ್ತಿದ್ದರು. ಗೋಜೋವಿಗೆ ಹೋದವರು ಅದನ್ನು ನೋಡದೆ ಮರಳುತ್ತಿರಲಿಲ್ಲ. ನೆತ್ತಿಯ ಮೇಲೆ ನಡೆದಾಡುವವರ ಹಾವಳಿಯನ್ನು ತಡೆಯಲು ಸರ್ಕಾರವು ನಿಷೇಧವನ್ನೂ ವಿಧಿಸಿದ್ದಿತು. 2017ನೆಯ ಮಾರ್ಚಿ 8ರ ಬೆಳಿಗ್ಗೆ ಬಿರುಗಾಳಿಯ ಹೊಡೆತಕ್ಕೆ ಕಮಾನೂ ಅದನ್ನು ಹೊತ್ತಿದ್ದ ಕಂಬವೂ ಕಡಲಿಗೆ ಕುಸಿದುಬಿದ್ದವು. ಅದರ ಕಲ್ಲುಗಳು ಈಗ ನೀರಿನಡಿಯಲ್ಲಿವೆ. ಮುಳುಗು ಬಲ್ಲವರು ಅವುಗಳ ನಡುವೆ ಈಜಿ ನೋಡಿಬರುವರು.