ಊರು ಮುಂದೆ, ರೈಲು ಹಿಂದೆ

ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಕಂಪೆನಿ 1867ರ ಏಪ್ರಿಲ್ 12ರಂದು ವಿರಾರ್ ಹಾಗೂ ಮುಂಬಯಿಯ ಬ್ಯಾಕ್‌ಬೇ ನಡುವೆ ಒಂದು ರೈಲನ್ನು ಓಡಿಸತೊಡಗಿತು. ದಿನಕ್ಕೆ ಹೋಗಲು ಒಂದು, ಬರಲು ಒಂದು, ಅಷ್ಟೇ. ಆಗ ವಿರಾರ್ ಎಂದರೆ ತೋಟ, ಗದ್ದೆಗಳ ನಡುವಿನ ಒಂದು ಹಳ್ಳಿ. ಇಂದಿನ ಗೋರೆಗಾಂವ್ ಅಂದು ಪಹಾಡಿ ಎನಿಸಿಕೊಂಡಿತ್ತು. ಆ ದಾರಿಯಲ್ಲಿ ದಿನವೂ ಬೆಳಿಗ್ಗೆ ಪೇಟೆಗೆ ಹೋಗಿ ಸಂಜೆ ಮನೆಗೆ ಮರಳುವ ಜನ ಎಷ್ಟಿದ್ದಾರು!

ಇಂದು ಅದೇ ದಾರಿಯಲ್ಲಿ ಕೆಲವೇ ನಿಮಿಷಗಳಿಗೊಂದು ರೈಲು ಓಡಿದರೂ ಬಾಗಿಲಲ್ಲಿ ನೇತಾಡುವವರು ಕಡಿಮೆಯಾಗಿಲ್ಲ. 'ವಿರಾರ್ ಫಾಸ್ಟ್' ಎಂಬ ಹೆಸರು ಕೇಳಿದರೆ ಮುಂಬಯಿಗೆ ಹೊಸದಾಗಿ ಬಂದವನ ಎದೆ ಝಲ್ಲೆನ್ನುತ್ತದೆ. ಸುಮಾರು 390 ಕಿ.ಮೀ. ಉದ್ದದ ಈ ಉಪನಗರ ರೈಲು ಜಾಲದಲ್ಲಿ ಕೊರೊನಾ ಪಿಡುಗಿಗೆ ಮುನ್ನ ದಿನವೊಂದಕ್ಕೆ 75 ಲಕ್ಷದಷ್ಟು ಪ್ರಯಾಣಗಳು ನಡೆಯುತ್ತಿದ್ದವು.

ರೈಲು ಬಂದಲ್ಲಿ ಊರು ಬೆಳೆಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಮುಂಬಯಿಯ ಮಟ್ಟಿಗೆ ಇದು ಅರ್ಧ ಸತ್ಯ ಮಾತ್ರ. ಮೊದಲ ಎಪ್ಪತ್ತೆಂಬತ್ತು ವರ್ಷ ರೈಲು ಮುಂದಿತ್ತು, ಊರು ಹಿಂದಿತ್ತು. ಆಮೇಲೆ ಇದು ತಿರುಗುಮುರುಗಾಯಿತು. ಜನ ಮೊದಲು ಹೋಗಿ ನೆಲೆಸಿದರು. ರೈಲು ಏದುಸಿರು ಬಿಡುತ್ತ ಅವರ ಬೆನ್ನುಹತ್ತಿತು.

ಹತ್ತಿಗೆ ಹಾಕಿದ ಹಳಿ

ಬೋರಿಬಂದರ್‌ನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಹೋಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ದೂರ 34 ಕಿ.ಮೀ., 14 ಬೋಗಿಗಳು, 400 ಅತಿಥಿಗಳು. ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು. ಆದರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕಣ್ಣು ಇದ್ದದ್ದು ಠಾಣೆಯ ಮೇಲಲ್ಲ. ಘಟ್ಟದಾಚೆಯ ಹತ್ತಿ ಬಂದರಿಗೆ ಇಳಿಯಬೇಕಿತ್ತು. ಹತ್ತು ವರ್ಷಗಳಲ್ಲಿ, 1863ರಲ್ಲಿ, ಹಳಿ ಭೋರ್ ಘಾಟನ್ನು ಏರಿತು. ನಡುವಿನ ಊರುಗಳವರಿಗೆ ಸಿಕ್ಕಿದ್ದು ಬೇರೆಯವರಿಗಾಗಿ ಬಡಿಸಿದ ಎಲೆಯ ಪಕ್ಕದಲ್ಲಿ ಒಂದಿಷ್ಟು ಜಾಗ. ಆ ಹಂಚಿಕೆಯ ತೊಡಕು ಇಂದಿಗೂ ತೀರಿಲ್ಲ. ಪುಣೆಗೋ ದಿಲ್ಲಿಗೋ ಹೋಗುವ ಎಕ್ಸ್‌ಪ್ರೆಸ್ ತಡವಾಗಿ ಬಂದರೆ, ದಾರಿ ಹಂಚಿಕೊಂಡಿರುವ ಲೋಕಲ್ ಕಾದು ನಿಲ್ಲಬೇಕು.

ಚೆಂಬೂರಿನ ಕತೆ ಇನ್ನೂ ಸ್ವಾರಸ್ಯಕರ. ಕುರ್ಲಾದಿಂದ ಅಲ್ಲಿಗೆ 1906ರಲ್ಲಿ ಹಳಿ ಹಾಕಿದ್ದು ಮನುಷ್ಯರಿಗಾಗಿ ಅಲ್ಲ. ಪಟ್ಟಣದ ಕಸ ಸಾಗಿಸಿ ಅಲ್ಲಿಯ ಜೌಗುನೆಲದಲ್ಲಿ ಸುರಿಯುವುದಕ್ಕೆ. ಪ್ರಯಾಣಿಕರಿಗೆ ಅದು ತೆರೆದದ್ದು 1924ರಲ್ಲಿ. ಹದಿನೆಂಟು ವರ್ಷ ಕಸ ಹೋದ ದಾರಿಯಲ್ಲಿ ಆಮೇಲೆ ಜನ ಹೋದರು. ಈಗ ಚೆಂಬೂರಿನಲ್ಲಿ ಮನೆ ಕೊಳ್ಳುವುದು ಸಾಮಾನ್ಯ ಸಂಬಳದವರ ಕನಸಿಗೂ ಎಟುಕದ ಮಾತು.

ಮುಂಬಯಿಯ ಜನರನ್ನು ಉತ್ತರಕ್ಕೆ ತಳ್ಳಿದ್ದು ಪ್ಲೇಗು. 1896ರಲ್ಲಿ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಮಾರಿ ಊರಿಡೀ ಹಬ್ಬಿತು. 1891ರಲ್ಲಿ 8.21 ಲಕ್ಷವಿದ್ದ ಜನಸಂಖ್ಯೆ 1901ರಲ್ಲಿ 7.76 ಲಕ್ಷಕ್ಕೆ ಇಳಿಯಿತು. ಗಾಳಿ ಬೆಳಕಿಲ್ಲದ ಚಾಳುಗಳನ್ನು ಕೆಡವಿ ಹೊಸ ಬಡಾವಣೆ ಕಟ್ಟಲು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗ, ವಡಾಲಾ ಬಡಾವಣೆಗಳು ರೂಪುಗೊಂಡದ್ದು ಆಗ. ಆದರೆ ಕಚೇರಿ, ಬಂದರು, ಪೇಟೆ ಎಲ್ಲವೂ ದಕ್ಷಿಣದ ತುದಿಯಲ್ಲೇ ಉಳಿದವು. ಮನೆ ಒಂದು ಕಡೆ, ಕೆಲಸ ಒಂದು ಕಡೆ ಎಂಬ ಮುಂಬಯಿಯ ಬಾಳು ಇಲ್ಲಿಂದ ಶುರುವಾಯಿತೆನ್ನಬಹುದು.

ದಕ್ಷಿಣ ಭಾರತದವರ ಮಾಟುಂಗ ಈ ವಿಸ್ತರಣೆಯ ಕೂಸು. ಕನ್ನಡಿಗರಿಗೆ ಅದು ಪರಕೀಯವೆನಿಸುವ ಊರಲ್ಲ. ಮಾಟುಂಗ ರೈಲು ನಿಲ್ದಾಣದಿಂದ ಹೊರಬಿದ್ದರೆ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ಬಾಳೆಯೆಲೆಯ ಊಟಕ್ಕೆ ಹೆಸರಾದದ್ದು. ಮೈಸೂರು ಅಸೋಸಿಯೇಷನ್ ಇರುವುದೂ ಅದೇ ಮಾಟುಂಗದಲ್ಲಿ. ಕರಾವಳಿಯಿಂದ ಬಂದ ಹುಡುಗ ಮೊದಲು ಕೋಟೆ ಪ್ರದೇಶದ ಹೋಟೆಲಿನಲ್ಲೇ ದುಡಿದು, ಅಲ್ಲೇ ಮಲಗಿ, ಕನ್ನಡದ ರಾತ್ರಿಶಾಲೆಯಲ್ಲಿ ಓದುತ್ತಿದ್ದ. ಆಫೀಸಿನಲ್ಲಿ ಕೆಲಸ ಸಿಕ್ಕಿ ಮದುವೆಯಾದ ಮೇಲೆ ಒಂದು ಕೋಣೆ ಬೇಕು. ಅದು ಸಿಗುತ್ತಿದ್ದುದು ಹಳಿಯ ಗುಂಟ, ಇನ್ನೂ ನಾಲ್ಕು ನಿಲ್ದಾಣಗಳಾಚೆ. ಹೋಟೆಲಿನ ಹಲಗೆಯಿಂದ ಸ್ವಂತ ಕೋಣೆಗೆ ಅವನನ್ನು ದಾಟಿಸಿದ್ದು ರೈಲಿನ ತಿಂಗಳ ಪಾಸು.

ಎಂಜಿನ್ ತಿರುಗಿಸುವ ತಾಪತ್ರಯ

ಇಷ್ಟು ಜನರನ್ನು ಉಗಿಬಂಡಿ ಹೊರಲಾರದಾಯಿತು. ಅದಕ್ಕೆ ಕಾರಣ ಹೊಗೆಯಷ್ಟೇ ಅಲ್ಲ. ಉಗಿಬಂಡಿ ಕೊನೆಯ ನಿಲ್ದಾಣಕ್ಕೆ ಬಂದರೆ ಎಂಜಿನ್ ಕಳಚಬೇಕು, ಅದು ಪಕ್ಕದ ಹಳಿಯಲ್ಲಿ ಸುತ್ತಿ ಇನ್ನೊಂದು ತುದಿಗೆ ಬರಬೇಕು, ಮತ್ತೆ ಜೋಡಿಸಬೇಕು. ಅಷ್ಟೂ ಹೊತ್ತು ಪ್ಲಾಟ್‌ಫಾರ್ಮ್ ಕಟ್ಟಿಬಿದ್ದಂತೆ. ವಿದ್ಯುತ್ ಲೋಕಲ್‌ಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇದೆ. ಬಂದ ಹಾದಿಯಲ್ಲೇ ಹಿಂದಿರುಗಲು ಕೆಲವೇ ನಿಮಿಷ ಸಾಕು. ಒಂದೆರಡು ಕಿ.ಮೀ.ಗೊಂದು ನಿಲ್ದಾಣವಿರುವ ದಾರಿಯಲ್ಲಿ ಅದು ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಅದೇ ಹಳಿ, ಅದೇ ಪ್ಲಾಟ್‌ಫಾರ್ಮ್. ಓಡಿಸಬಹುದಾದ ರೈಲುಗಳು ಮಾತ್ರ ಹೆಚ್ಚು.

1925ರ ಫೆಬ್ರುವರಿ 3ರಂದು ಗವರ್ನರ್ ಲೆಸ್ಲಿ ವಿಲ್ಸನ್ ವಿಕ್ಟೋರಿಯಾ ಟರ್ಮಿನಸ್‌ನಿಂದ ಹಾರ್ಬರ್ ಮಾರ್ಗದಲ್ಲಿ ಕುರ್ಲಾಕ್ಕೆ ಹೊರಟ ದೇಶದ ಮೊದಲ ವಿದ್ಯುತ್ ರೈಲಿಗೆ ಚಾಲನೆ ನೀಡಿದರು. 1928ರ ಜನವರಿಯಲ್ಲಿ ಕೊಲಾಬಾ-ಬೊರಿವಲಿ ಮಾರ್ಗಕ್ಕೂ, 1936ರಲ್ಲಿ ವಿರಾರ್‌ವರೆಗೂ ವಿದ್ಯುತ್ ಹರಿಯಿತು. ಬೇಡಿಕೆಗಿಂತ ಒಂದು ಹೆಜ್ಜೆ ಮುಂದಿಟ್ಟು ರೈಲ್ವೆ ಮಾಡಿದ ಕೊನೆಯ ದೊಡ್ಡ ಕೆಲಸ ಇದೇ ಎಂದು ನನ್ನ ಎಣಿಕೆ.

1947ರ ನಂತರ ಲೆಕ್ಕವೇ ತಪ್ಪಿತು. ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ಕಲ್ಯಾಣದ ಬಳಿಯ ಹಳೆಯ ಮಿಲಿಟರಿ ಶಿಬಿರದಲ್ಲಿ ಇಳಿಸಿದರು. 1949ರಲ್ಲಿ ಅದೇ ಉಲ್ಲಾಸನಗರ ಆಯಿತು. ಗಿರಣಿಗಳ ಸುತ್ತ ಬಾಳಿದ್ದ ಕುಟುಂಬಗಳನ್ನು 1982ರ ಜವಳಿ ಮುಷ್ಕರ ಚದುರಿಸಿತು. ದ್ವೀಪದೊಳಗೆ ಮನೆ ಬಾಡಿಗೆ ಏರಿದಂತೆ ಡೊಂಬಿವಲಿ, ಭಾಯಂದರ್, ವಸಾಯಿ, ಬದಲಾಪುರಗಳ ಗದ್ದೆಗಳಲ್ಲಿ ಕಟ್ಟಡಗಳು ಎದ್ದವು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಕಟ್ಟಿ ಶಾಲೆ ನಡೆಸುವಷ್ಟು ಕನ್ನಡಿಗರು ನೆಲೆಸಿದರು.

ಜನಗಣತಿ ಇದನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. 2001ರಿಂದ 2011ರ ನಡುವೆ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 33.38 ಲಕ್ಷದಿಂದ 30.85 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಅವಿಭಜಿತ ಠಾಣೆ ಜಿಲ್ಲೆಯಲ್ಲಿ 81 ಲಕ್ಷವಿದ್ದದ್ದು 110 ಲಕ್ಷ ದಾಟಿತು. ಕಲ್ಯಾಣ-ಡೊಂಬಿವಲಿ, ವಸಾಯಿ-ವಿರಾರ್ ಪಾಲಿಕೆಗಳಲ್ಲಿ ತಲಾ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ. ಬೊರಿವಲಿ-ವಿರಾರ್ ನಡುವೆ ನಾಲ್ಕು ಹಳಿಯ ದಾರಿ ಸಿದ್ಧವಾದದ್ದು ಮಾತ್ರ 2007ರಲ್ಲಿ.

ಈ ಅಂತರವನ್ನು ತುಂಬಿದ್ದು ಪ್ರಯಾಣಿಕರ ಮೈ. ಒಂಬತ್ತು ಬೋಗಿಗಳ ರೈಲಿನಲ್ಲಿ ಸುಮಾರು 1,750 ಜನ ಇರಬೇಕಾದಲ್ಲಿ ನಾಲ್ಕೈದು ಸಾವಿರ ಮಂದಿ ತುಂಬುತ್ತಿದ್ದರು. ಚದರ ಮೀಟರಿಗೆ ಹದಿನಾಲ್ಕರಿಂದ ಹದಿನಾರು ಜನ ನಿಲ್ಲುವ ಸ್ಥಿತಿಗೆ ರೈಲ್ವೆಯವರು 'ಸೂಪರ್ ಡೆನ್ಸ್ ಕ್ರಷ್ ಲೋಡ್' ಎಂದೇ ಹೆಸರಿಟ್ಟಿದ್ದಾರೆ. ಒಂಬತ್ತು ಬೋಗಿ ಹನ್ನೆರಡಾಯಿತು, ಕೆಲವು ಹದಿನೈದಾದವು. ಪಶ್ಚಿಮ ರೈಲ್ವೆ 1992ರಲ್ಲಿ ಚರ್ಚ್‌ಗೇಟ್-ಬೊರಿವಲಿ ನಡುವೆ ಮಹಿಳೆಯರಿಗಾಗಿಯೇ ಒಂದು ರೈಲು ಓಡಿಸಿತು. ಆದರೂ ಹಳಿ ದಾಟುವಾಗ, ಬಾಗಿಲಿನಿಂದ ಬಿದ್ದು, ಇನ್ನಿತರ ಕಾರಣಗಳಿಂದ ಈ ಮಾರ್ಗಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತ ಬಂದಿದ್ದಾರೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಎದುರುಬದುರು ಸಾಗುತ್ತಿದ್ದ ರೈಲುಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಹಲವರು ಪ್ರಾಣ ಬಿಟ್ಟ ಮೇಲೆ, ಹೊಸ ಲೋಕಲ್‌ಗಳಿಗೆಲ್ಲ ತಾನೇ ಮುಚ್ಚುವ ಬಾಗಿಲು ಇರುತ್ತದೆಂದು ರೈಲ್ವೆ ಮಂಡಳಿ ಪ್ರಕಟಿಸಿತು. ಅಗ್ಗದ ಮನೆಯ ಬೆಲೆಯಲ್ಲಿ ಇವೆಲ್ಲ ಸೇರಿದ್ದವೆಂದು ಕೊಳ್ಳುವಾಗ ಯಾರೂ ಹೇಳಿರಲಿಲ್ಲ.

ವಾಶಿಯ ಲೆಕ್ಕಾಚಾರ

ಹಾಗಿದ್ದರೆ ಊರು ಮತ್ತು ರೈಲನ್ನು ಒಟ್ಟಿಗೆ ಕಟ್ಟಲು ಯಾರೂ ಯತ್ನಿಸಲೇ ಇಲ್ಲವೇ? ಯತ್ನಿಸಿದರು. ಖಾರಿಯಾಚೆ ನವಿ ಮುಂಬಯಿ ಕಟ್ಟಲೆಂದು ಮಹಾರಾಷ್ಟ್ರ ಸರ್ಕಾರ 1970ರಲ್ಲಿ ಸಿಡ್ಕೋ ಸಂಸ್ಥೆಯನ್ನು ಸ್ಥಾಪಿಸಿತು. ವಾಶಿಗೆ ರಸ್ತೆ ಸೇತುವೆ 1973ರ ಹೊತ್ತಿಗೆ ಬಂದರೂ, ಮಾನ್‌ಖುರ್ದ್‌ನಿಂದ ಖಾರಿ ದಾಟಿ ವಾಶಿಗೆ ರೈಲು ಬಂದದ್ದು 1992ರ ಮೇ 9ರಂದು. ಯೋಜನೆ ಹಾಕಿ ಕಟ್ಟಿದ ಊರೂ ಇಪ್ಪತ್ತು ವರ್ಷ ಕಾಯಬೇಕಾಯಿತು!

ಆದರೆ ಇಲ್ಲಿ ಹಣ ಹೊಂದಿಸಿದ ಬಗೆ ಹೊಸದು. ವೆಚ್ಚದ ಮೂರರಲ್ಲಿ ಎರಡು ಪಾಲನ್ನು ಸಿಡ್ಕೋ ಹೊತ್ತಿತು, ಉಳಿದದ್ದು ರೈಲ್ವೆಯದು. ರೈಲು ಬಂದರೆ ಸುತ್ತಲ ಭೂಮಿಗೆ ಬೆಲೆ ಏರುತ್ತದೆ. ಆ ಲಾಭ ಖಾಸಗಿಯವರ ಜೇಬು ಸೇರುವ ಬದಲು ಹಳಿಗೇ ಮರಳಲಿ ಎಂಬುದು ತರ್ಕ. ವಾಶಿ ನಿಲ್ದಾಣದ ಮೇಲೆಯೇ ಕಚೇರಿಗಳ ಕಟ್ಟಡ ಎದ್ದಿತು, ಟಿಕೆಟ್ಟಿನ ಮೇಲೆ ಅಧಿಭಾರವೂ ಬಿತ್ತು. ಅಗಲವಾದ ಪ್ಲಾಟ್‌ಫಾರ್ಮ್, ಎತ್ತರದ ಛಾವಣಿಯ ಈ ನಿಲ್ದಾಣಗಳಿಗೂ ಕುರ್ಲಾದ ಇಕ್ಕಟ್ಟಿಗೂ ಹೋಲಿಕೆಯೇ ಇಲ್ಲ.

ಆ ಭೂಮಿ ಯಾರದಾಗಿತ್ತು ಎಂಬ ಪ್ರಶ್ನೆಯೂ ಇದೆ. ಸಿಡ್ಕೋ ಕೊಟ್ಟ ಪರಿಹಾರ ಸಾಲದೆಂದು ಉರಣ್ ಸುತ್ತಲಿನ ರೈತರು ದಿ.ಬಾ. ಪಾಟೀಲರ ಮುಂದಾಳತ್ವದಲ್ಲಿ ಹೋರಾಡಿದರು. 1984ರ ಜನವರಿಯಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕಳೆದುಕೊಂಡ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಿರುಗಿಸುವ ಪದ್ಧತಿ ಬಂದದ್ದು ಆ ಹೋರಾಟದಿಂದ. ಅದೇ ಉರಣ್‌ಗೆ ರೈಲು ಮುಟ್ಟಿದ್ದು ನಲವತ್ತು ವರ್ಷಗಳ ನಂತರ, 2024ರ ಜನವರಿ 12ರಂದು.

ಇದನ್ನು ಓದುವಾಗ ನಮಗೆ ಬೆಂಗಳೂರು ನೆನಪಾಗದಿರದು. 1864ರಲ್ಲೇ ಜೋಲಾರ್‌ಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂದಿದ್ದರೂ ಉಪನಗರ ರೈಲಿನ ಮಾತು ಮಾತಾಗಿಯೇ ಉಳಿದಿತ್ತು. 148 ಕಿ.ಮೀ. ಉದ್ದದ, 15,767 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ದೇವನಹಳ್ಳಿಯ ಕಡೆಗೆ ಸಂಪಿಗೆ, ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿ-ವೈಟ್‌ಫೀಲ್ಡ್ ನಡುವೆ ಪಾರಿಜಾತ, ಹೀಲಲಿಗೆ-ರಾಜಾನುಕುಂಟೆ ನಡುವೆ ಕನಕ ಎಂದು ನಾಲ್ಕು ಮಾರ್ಗಗಳಿಗೆ ಹೂವಿನ ಹೆಸರಿಟ್ಟರು. 2022ರ ಜೂನ್ 20ರಂದು ಶಂಕುಸ್ಥಾಪನೆ ಮಾಡಿದ ಪ್ರಧಾನಿ, 40 ತಿಂಗಳಲ್ಲಿ ಕೆಲಸ ಮುಗಿಸುವ ಮಾತನಾಡಿದ್ದರು. ಆ ಗಡುವು 2025ರ ಅಕ್ಟೋಬರಿಗೆ ತುಂಬಿತು. ನಾಲ್ಕರಲ್ಲಿ ಒಂದು ಮಾರ್ಗದಲ್ಲೂ ಅಷ್ಟರೊಳಗೆ ರೈಲು ಓಡಲಿಲ್ಲ. ಅತ್ತ ಯಲಹಂಕದ ಆಚೆಗೂ ಹೊಸೂರು ರಸ್ತೆಯ ಉದ್ದಕ್ಕೂ ಅಪಾರ್ಟ್‌ಮೆಂಟುಗಳು ಎದ್ದು, ಜನ ಬಂದು ತುಂಬಿದ್ದರು.