ಕೇಳುವ ಹಕ್ಕು: ಮೈಸೂರಿನ ದಸರೆಯಿಂದ ದೋಹಾವರೆಗೆ



ದೋಹಾದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ಬೇಗನೆ ಮೂರು ವಿಷಯಗಳಿಗೆ ಬಂದು ನಿಲ್ಲುತ್ತದೆ: ಇಲ್ಲಿನ ಬಿಸಿಲು, ಮಕ್ಕಳ ಕನ್ನಡ, ಊರಿನ ರಾಜಕೀಯ. ಬಿಸಿಲಿಗೆ ಏಸಿ ಉಂಟು, ಮಕ್ಕಳಿಗೆ ನಾವೇ ಅಕ್ಷರ ಕಲಿಸಬಹುದು. ಮೂರನೆಯದು ಬಂದಾಗ ಮಾತ್ರ ಚರ್ಚೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: "ಎಲ್ಲರೂ ಅಷ್ಟೇ ಬಿಡಿ, ನಮ್ಮ ಒಂದು ಓಟಿನಿಂದ ಏನಾಗುತ್ತೆ?"

ಈ ವಾಕ್ಯದ ಲೆಕ್ಕ ಈಗ ಸಿಕ್ಕಿದೆ. ಮೊದಲು ಪರದೇಶಕ್ಕೆ ಹೋಗಿ ನೆಲೆಸಿದವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿಯುವಂತಿರಲಿಲ್ಲ. 'ಸಾಮಾನ್ಯ ನಿವಾಸಿ' ಅಲ್ಲವೆಂದು ಹೊಡೆದುಹಾಕುತ್ತಿದ್ದರು. ಅನಿವಾಸಿಗಳು ವರ್ಷಗಟ್ಟಲೆ ಕೇಳಿಕೊಂಡ ಮೇಲೆ 2010ರಲ್ಲಿ ಕಾನೂನು ತಿದ್ದುಪಡಿಯಾಯಿತು, 2011ರಲ್ಲಿ ಜಾರಿಗೆ ಬಂತು. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲೇ ನಾವು ಹೆಸರು ನೋಂದಾಯಿಸಬಹುದು. ಷರತ್ತು ಒಂದೇ: ಮತ ಹಾಕಲು ಖುದ್ದಾಗಿ ಊರಿನ ಮತಗಟ್ಟೆಗೆ ಹೋಗಬೇಕು. ಬದಲಿ ವ್ಯಕ್ತಿಯ ಮೂಲಕ ಮತ ಹಾಕಲು ಬಿಡುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಒಪ್ಪಿತು, ರಾಜ್ಯಸಭೆ ದಾಟುವ ಮೊದಲೇ 2019ರಲ್ಲಿ ಅದು ಬಿದ್ದುಹೋಯಿತು.

2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಹೀಗೆ ನೋಂದಾಯಿಸಿಕೊಂಡಿದ್ದ ಹೊರದೇಶದ ಮತದಾರರು 1,19,374. ಮತ ಹಾಕಿದವರು 2,958. ಅವರಲ್ಲಿ 2,670 ಜನ ಕೇರಳದವರು! ಕರ್ನಾಟಕದ ಮುಂದೆ ಚುನಾವಣಾ ಆಯೋಗ ಬರೆದ ಅಂಕಿ: ಸೊನ್ನೆ. ನಮ್ಮ ಪಕ್ಕದ ಫ್ಲ್ಯಾಟಿನ ಮಲಯಾಳಿ ಗೆಳೆಯರು ಮತ ಹಾಕಲೆಂದೇ ಗುಂಪುಗುಂಪಾಗಿ ವಿಮಾನ ಹತ್ತಿದರು. ದಕ್ಷಿಣ ಕನ್ನಡ, ಉಡುಪಿ, ಬೆಂಗಳೂರು, ಮೈಸೂರಿನಲ್ಲಿ ಮತದಾನ ನಡೆದದ್ದು ಏಪ್ರಿಲ್ 26ರಂದು. ಆ ದಿನ ಶುಕ್ರವಾರ, ಇಲ್ಲಿ ವಾರದ ರಜೆ! ಟಿಕೆಟಿನ ದುಡ್ಡು, ಮಕ್ಕಳ ಶಾಲೆ ಎಲ್ಲವೂ ನಿಜವಾದ ತೊಡಕುಗಳೇ. ಆದರೆ ಆ ತೊಡಕುಗಳು ಮಲಯಾಳಿಗಳಿಗೂ ಇದ್ದವು.

ಊರಿನಲ್ಲೇ ಇರುವವರೂ ನಮಗಿಂತ ಬಹಳ ಮುಂದಿಲ್ಲ. ಅದೇ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇಕಡಾ 81ಕ್ಕೂ ಹೆಚ್ಚು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಶೇಕಡಾ 53ರ ಆಸುಪಾಸು. ಓದಿದ ಊರು ಓಟು ಹಾಕುವುದರಲ್ಲಿ ಹಿಂದೆ. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ಚುನಾವಣೆಯಾದಾಗ ಅರ್ಧದಷ್ಟು ಜನವೂ ಮತಗಟ್ಟೆಗೆ ಬರಲಿಲ್ಲ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅಧಿಕಾರಿಗಳೇ ನಗರವನ್ನು ನಡೆಸಿದರು. 2025ರಲ್ಲಿ ಪಾಲಿಕೆಯನ್ನು ಒಡೆದು ಐದು ಮಾಡಿದರು. ನಮ್ಮಲ್ಲಿ ಎಷ್ಟೋ ಜನ ಅಲ್ಲಿ ಸೈಟು, ಫ್ಲ್ಯಾಟು ಕೊಂಡು ತಪ್ಪದೆ ಆಸ್ತಿ ತೆರಿಗೆ ಕಟ್ಟುವವರು. ಕಾರ್ಪೊರೇಟರೇ ಇಲ್ಲದ ಊರಿಗೆ ಅಷ್ಟು ವರ್ಷ ತೆರಿಗೆ ಕಟ್ಟಿದರೂ, ಚುನಾವಣೆ ಯಾಕಿಲ್ಲ ಎಂಬ ಪ್ರಶ್ನೆ ಬೀದಿಯಲ್ಲಿ ಜೋರಾಗಿ ಕೇಳಿಸಲಿಲ್ಲ.

ಇಲ್ಲಿ ಸ್ವಲ್ಪ ಹಿಂದೆ ಹೋಗೋಣ, 1881ಕ್ಕೆ. ಆ ವರ್ಷದ ಮಾರ್ಚಿನಲ್ಲಿ ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದ್ದರು. 1876-78ರ ಬರಗಾಲ ಲಕ್ಷಾಂತರ ಜನರನ್ನು ನುಂಗಿತ್ತು, ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲವಿತ್ತು. ದಿವಾನ್ ರಂಗಾಚಾರ್ಲು ಅವರು ಅಂಥ ಹೊತ್ತಿನಲ್ಲಿ ಒಂದು ಹೊಸ ಕೆಲಸ ಮಾಡಿದರು. ದಸರೆಗೆಂದು ಹೇಗೂ ಜನ ಮೈಸೂರಿಗೆ ಬರುತ್ತಾರೆ. ಆಗಲೇ ತಾಲ್ಲೂಕಿಗೆ ಒಬ್ಬಿಬ್ಬರು ರೈತರನ್ನೂ ಜಿಲ್ಲೆಗೆ ಮೂರು ನಾಲ್ಕು ವರ್ತಕರನ್ನೂ ಕರೆಸಿ ಸರ್ಕಾರದ ಲೆಕ್ಕವನ್ನು ಅವರ ಮುಂದೆ ಇಡುವುದು, ಅವರ ಅಹವಾಲು ಕೇಳುವುದು. 1881ರ ಅಕ್ಟೋಬರ್ 7ರಂದು 144 ಜನರ ಆ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಕಾಂಗ್ರೆಸ್ ಹುಟ್ಟಲು ಇನ್ನೂ ನಾಲ್ಕು ವರ್ಷವಿತ್ತು.

ಹೊಗಳುವುದಕ್ಕೆ ಮೊದಲು ನಿಜವನ್ನೂ ಹೇಳಿಬಿಡಬೇಕು. ಆ ಸಭೆಗೆ ಅಧಿಕಾರವೇ ಇರಲಿಲ್ಲ. ಕಾನೂನು ಮಾಡುವಂತಿಲ್ಲ, ತೆರಿಗೆ ತಡೆಯುವಂತಿಲ್ಲ, ದಿವಾನರನ್ನು ಇಳಿಸುವ ಮಾತಂತೂ ಇಲ್ಲವೇ ಇಲ್ಲ. ಬಂದವರು ಜಮೀನುದಾರರು, ಸಾಹುಕಾರರು. ಕೂಲಿಯವನಿಗೆ ಅಲ್ಲಿ ಜಾಗವಿರಲಿಲ್ಲ. 1891ರ ಸುಮಾರಿಗೆ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಚುನಾವಣೆ ಬಂದಾಗಲೂ ಇಂತಿಷ್ಟು ಕಂದಾಯ ಕಟ್ಟುವವರಿಗೆ ಮತ್ತು ಪದವೀಧರರಿಗೆ ಮಾತ್ರ ಮತ. ಹೆಂಗಸರಿಗೆ ಇದ್ದ ಅಡ್ಡಿ ತೆಗೆದದ್ದು 1923ರ ಶಾಸನ.

ಆದರೂ ಅವರು ಬರುತ್ತಿದ್ದರು. 1881ರಲ್ಲಿ ಬೆಂಗಳೂರು-ಮೈಸೂರು ರೈಲು ದಾರಿಯೇ ಪೂರ್ತಿಯಾಗಿರಲಿಲ್ಲ. ಶಿವಮೊಗ್ಗ, ಚಿತ್ರದುರ್ಗದ ಕಡೆಯವರಿಗೆ ಗಾಡಿ ಹೂಡಿ ಹೊರಡುವುದೇ ಗತಿ. ಅಷ್ಟು ದೂರ ಬಂದು ಅವರು ಕೇಳುತ್ತಿದ್ದದ್ದು ನಮ್ಮ ಕೆರೆ ಏರಿ, ನಮ್ಮ ರಸ್ತೆ, ನಮ್ಮ ಕಂದಾಯ, ನಮ್ಮ ಊರಿನ ಅಮಲ್ದಾರ ಎಂಬಂಥ ಸಣ್ಣ ವಿಷಯಗಳನ್ನೇ. ಪ್ರಶ್ನೆಯೂ ಉತ್ತರವೂ ಸಭೆಯ ನಡಾವಳಿಯಲ್ಲಿ ಅಚ್ಚಾಗುತ್ತಿದ್ದವು. ಈ ವರ್ಷ 'ಪರಿಶೀಲಿಸಲಾಗುವುದು' ಎಂದ ದಿವಾನರಿಗೆ ಮುಂದಿನ ದಸರೆಗೆ ಅದೇ ಮನುಷ್ಯ ಅದೇ ಕೆರೆಯನ್ನು ಹಿಡಿದುಕೊಂಡು ಎದುರು ನಿಲ್ಲಬಹುದೆಂಬ ಅಳುಕು ಇದ್ದೇ ಇರಬೇಕು. ರಂಗಾಚಾರ್ಲು ಅವರು 1883ರಲ್ಲೇ ತೀರಿಕೊಂಡರೂ ಸಭೆ 1949ರವರೆಗೆ ನಡೆಯಿತು. ಮೈಸೂರಿನ ಪುರಭವನಕ್ಕೆ ಇಂದಿಗೂ ಅವರದೇ ಹೆಸರು.

ಓಟಿಲ್ಲದೆ ಕೇಳುವ ಈ ಪದ್ಧತಿ ಕತಾರಿನಲ್ಲಿರುವ ನಮಗೆ ಅಪರಿಚಿತವಲ್ಲ. ಇಲ್ಲಿ 1999ರಿಂದ ಮುನಿಸಿಪಲ್ ಕೌನ್ಸಿಲಿಗೆ ಚುನಾವಣೆ ಇದೆ, ಮೊದಲ ಸಲವೇ ಹೆಂಗಸರೂ ಮತ ಹಾಕಿದರು. ಶೂರಾ ಸಭೆಗೆ 2021ರಲ್ಲಿ ಒಮ್ಮೆ ಚುನಾವಣೆ ನಡೆದು, 2024ರ ಜನಮತದ ನಂತರ ಆ ಪದ್ಧತಿ ಕೈಬಿಟ್ಟಿತು. ಅದು ಈ ನಾಡಿನವರ ವಿಷಯ, ನಾವು ಅತಿಥಿಗಳು. ಆದರೆ ಮಜ್ಲಿಸ್ ಎಂಬ ಹಳೆಯ ಕಟ್ಟಳೆ ನಮಗೂ ಗೊತ್ತು. ದೂರು ಇದ್ದವನು ಬರುತ್ತಾನೆ, ಕೂರುತ್ತಾನೆ, ಗಹ್ವಾ ಕುಡಿಯುತ್ತಾನೆ, ತನ್ನ ಮಾತು ಹೇಳುತ್ತಾನೆ.

1881ರ ಆ ರೈತನ ಕೈಯಲ್ಲಿ ಮತವಿರಲಿಲ್ಲ, ಪ್ರಶ್ನೆಯಿತ್ತು. ಹೊರನಾಡಿನ ನಮ್ಮ ಕೈಯಲ್ಲಿ ಮತವಿದೆ, ಅದು ನಾಲ್ಕು ಗಂಟೆಯ ವಿಮಾನದಾಚೆ ಇದೆ. ಪ್ರಶ್ನೆಗೆ ಮಾತ್ರ ವಿಮಾನ ಬೇಕಾಗಿಲ್ಲ. ಮಾಹಿತಿ ಹಕ್ಕು ಭಾರತದ ನಾಗರಿಕನಿಗೆ ಸೇರಿದ್ದು, ಅವನು ಎಲ್ಲಿದ್ದಾನೆ ಎಂಬುದಕ್ಕಲ್ಲ. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು, ಕೇಂದ್ರದ್ದು ಬಂದದ್ದು 2005ರಲ್ಲಿ. ಕೇಂದ್ರದ ಇಲಾಖೆಗಳಿಗೆ ಹತ್ತು ರೂಪಾಯಿ ಶುಲ್ಕವನ್ನು ಹೊರದೇಶದಿಂದಲೇ ಕಟ್ಟಲು ಅಂಚೆ ಇಲಾಖೆ 2013ರಲ್ಲಿ ಇ-ಐಪಿಒ ಏರ್ಪಾಟು ಮಾಡಿತು.

ಇನ್ನೊಂದು ಇದೆ, ಅದರ ಕತೆ ಸ್ವಾರಸ್ಯವಾಗಿದೆ. 1999ರಲ್ಲಿ ಅಹಮದಾಬಾದಿನ ಐಐಎಂನ ಕೆಲವು ಮೇಷ್ಟ್ರುಗಳು ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆ ಮತದಾರನಿಗೆ ತಿಳಿಯಲೇಬೇಕೆಂದು ಕೋರ್ಟಿಗೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ತಕ್ಷಣ ಸಂಸತ್ತು ಕಾನೂನನ್ನೇ ತಿದ್ದಿ ಆ ತೀರ್ಪನ್ನು ಮೊಂಡು ಮಾಡಲು ನೋಡಿತು. ಬೇರೆ ಯಾವುದಕ್ಕೂ ಒಂದಾಗದ ಪಕ್ಷಗಳು ಈ ವಿಷಯಕ್ಕೆ ಒಂದಾದವು! 2003ರ ಮಾರ್ಚಿನಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಅಂದಿನಿಂದ ಪ್ರತಿಯೊಬ್ಬ ಅಭ್ಯರ್ಥಿಯ ಪ್ರಮಾಣಪತ್ರ ಎಲ್ಲರ ಕಣ್ಣಿಗೆ ಬೀಳುವಂತಾಗಿದೆ. 2018ಕ್ಕೂ 2023ಕ್ಕೂ ನಡುವೆ ನಿಮ್ಮ ಶಾಸಕರ ಆಸ್ತಿ ಎಷ್ಟು ಬೆಳೆಯಿತು ಎಂದು ಆಯೋಗದ ಜಾಲತಾಣದಲ್ಲಿ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ನಮೂನೆ 6ಎ ತುಂಬಲು ಪಾಸ್‌ಪೋರ್ಟಿನ ಪ್ರತಿ, ವೀಸಾದ ಪುಟ, ಒಂದು ಫೋಟೋ ಸಾಕು, ಹಣವೇನೂ ಇಲ್ಲ. ಕರ್ನಾಟಕ ವಿಧಾನಸಭೆಗೆ ಮುಂದಿನ ಚುನಾವಣೆ 2028ರಲ್ಲಿ, ಸಮಯ ಇದೆ. ಅಷ್ಟರೊಳಗೆ, ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ನಿಮ್ಮ ಶಾಸಕರ ಪ್ರಮಾಣಪತ್ರದ ಒಂದೊಂದು ಪ್ರತಿ ತನ್ನಿ. ಕವನವಾಚನ ಮುಗಿದ ಮೇಲೆ ಕಾಫಿಯ ಹೊತ್ತಿಗೆ ಓದೋಣ.